ಶಿಕ್ಷೆಯ ಅಳತೆ: ಗರ್ಭಪಾತ, ತಾಯಿ ಮತ್ತು ಸೆರೆಮನೆ

‘ಶಿಕ್ಷೆ’ ಎಂಬ ಪದದ ಮೂಲಾರ್ಥ ಕಲಿಕೆ. ಆರು ವೇದಾಂಗಗಳಲ್ಲಿ ಒಂದಕ್ಕೆ ‘ಶಿಕ್ಷಾ’ ಎಂದೇ ಹೆಸರು; ವರ್ಣಗಳ ಉಚ್ಚಾರಣೆಯನ್ನು ಕಲಿಸುವ ಶಾಸ್ತ್ರವದು. ಶಿಕ್ಷಣ, ಶಿಕ್ಷಕ ಎಂಬ ಮಾತುಗಳೂ ಅದೇ ಧಾತುವಿನಿಂದ ಹುಟ್ಟಿದವು. ‘ದಂಡನೆ’ಯ ಹುಟ್ಟು ಬೇರೆ, ದಂಡವೆಂದರೆ ಕೋಲು. ಒಂದು ಪದ ಗುರುವಿನ ಮನೆಯಿಂದ ಬಂದುದು, ಮತ್ತೊಂದು ಅರಸನ ಕೈಯಿಂದ ಬಂದುದು. ಕನ್ನಡದ ಆಡುಮಾತಿನಲ್ಲಿ ಈಗ ಎರಡಕ್ಕೂ ಒಂದೇ ಅರ್ಥ ನೆಲೆಯೂರಿಬಿಟ್ಟಿದೆ. ಆದರೂ ನ್ಯಾಯಾಲಯವೊಂದು ಒಬ್ಬ ವ್ಯಕ್ತಿಯನ್ನು ಸೆರೆಮನೆಗೆ ಕಳುಹಿಸುವಾಗ ಅದು ಕಲಿಸುತ್ತಿದೆಯೋ ಕೇವಲ ಹೊಡೆಯುತ್ತಿದೆಯೋ ಎಂಬ ಪ್ರಶ್ನೆ ಅಳಿದಿಲ್ಲ. ಗರ್ಭದ ಕೊನೆಯ ತಿಂಗಳುಗಳಲ್ಲಿ ಕಾನೂನುಬಾಹಿರವಾಗಿ ಗರ್ಭವನ್ನು ಕಳೆದುಕೊಂಡ ತಾಯಿ ಕಟಕಟೆಯಲ್ಲಿ ನಿಂತಾಗ ಈ ಪ್ರಶ್ನೆ ಅತ್ಯಂತ ಕಠಿಣವಾದ ರೂಪವನ್ನು ತಾಳುತ್ತದೆ.

ಗರ್ಭಪಾತವು ಸರಿಯೋ ತಪ್ಪೋ ಎಂಬ ವಾದ ಹಳೆಯದು. ಇಲ್ಲಿ ಪರಿಶೀಲಿಸಬೇಕಾದುದು ಅದಕ್ಕಿಂತ ಕಿರಿದಾದ ಇನ್ನೊಂದು ಸಂಗತಿ: ತಪ್ಪೆಂದೇ ಒಪ್ಪಿಕೊಂಡರೂ, ಆ ತಪ್ಪಿಗೆ ತಾಯಿಯನ್ನು ಸೆರೆಮನೆಯಲ್ಲಿಡುವುದು ನ್ಯಾಯವಾದ ಅಳತೆಯೇ? ಕೃತ್ಯವನ್ನು ಖಂಡಿಸುವುದು ಒಂದು ತೀರ್ಮಾನ. ಕರ್ತೃವನ್ನು ಬಂಧಿಸುವುದು ಇನ್ನೊಂದು ತೀರ್ಮಾನ. ಮೊದಲನೆಯದನ್ನು ಒಪ್ಪಿದವರು ಎರಡನೆಯದನ್ನೂ ಒಪ್ಪಲೇಬೇಕೆಂಬ ನಿಯಮವಿಲ್ಲ. ಈ ಎರಡನ್ನು ಒಂದೇ ಎಂದು ಬಗೆದದ್ದರಿಂದ ಆದ ಅನ್ಯಾಯವನ್ನು ಇಂಗ್ಲೆಂಡಿನ ಇತ್ತೀಚಿನ ಎರಡು ಮೊಕದ್ದಮೆಗಳಲ್ಲಿ ಸ್ಪಷ್ಟವಾಗಿ ಕಾಣಬಹುದು.

ಇಂಗ್ಲೆಂಡಿನಲ್ಲಿ ಇಂಥ ಮೊಕದ್ದಮೆಗಳಿಗೆ ಆಧಾರವಾಗಿರುವುದು 1861ರ ‘ವ್ಯಕ್ತಿಗಳ ವಿರುದ್ಧದ ಅಪರಾಧಗಳ ಕಾಯಿದೆ’ಯ 58ನೆಯ ಕಲಮು. ಅದಕ್ಕೂ ಹಿಂದೆ, 1803ರ ಕಾಯಿದೆಯೊಂದು ಹೊಟ್ಟೆಯೊಳಗಿನ ಕೂಸು ಮಿಸುಕಾಡಲು ತೊಡಗಿದ ಮೇಲೆ ಮಾಡಿಸಿದ ಗರ್ಭಪಾತಕ್ಕೆ ಮರಣದಂಡನೆಯನ್ನೂ, ಅದಕ್ಕೆ ಮುಂಚಿನದಕ್ಕೆ ಗರಿಷ್ಠ 14 ವರ್ಷಗಳ ಗಡಿಪಾರನ್ನೂ ವಿಧಿಸಿತ್ತು. 1837ರಲ್ಲಿ ಮರಣದಂಡನೆ ಹೋಯಿತು. ಅದರೊಂದಿಗೆ ಮಿಸುಕಾಟದ ಮೊದಲು, ಆನಂತರ ಎಂಬ ಭೇದವೂ ಹೋಯಿತು. 1861ರ ಕಾಯಿದೆಯು ಗರ್ಭಿಣಿಯೇ ತನ್ನ ಗರ್ಭವನ್ನು ಕಳೆದುಕೊಳ್ಳಲು ಮಾಡುವ ಯತ್ನವನ್ನು ಸ್ಪಷ್ಟವಾಗಿ ಅಪರಾಧದೊಳಗೆ ಸೇರಿಸಿತು. ಗರಿಷ್ಠ ಶಿಕ್ಷೆ ಜೀವಾವಧಿ. ಈ ಶಾಸನವನ್ನು ರೂಪಿಸಿದ ಸಂಸತ್ತಿಗೆ ಒಬ್ಬ ಹೆಂಗಸೂ ಸದಸ್ಯಳಾಗಿರಲಿಲ್ಲ; ಆ ಸದಸ್ಯರನ್ನು ಆರಿಸುವ ಹಕ್ಕೂ ಹೆಂಗಸರಿಗೆ ಇರಲಿಲ್ಲ.

1967ರಲ್ಲಿ ಅಲ್ಲಿ ಗರ್ಭಪಾತ ಕಾಯಿದೆ ಬಂದಿತು. 1968ರ ಏಪ್ರಿಲ್ 27ರಂದು ಜಾರಿಯಾಯಿತು. ಇದು ಹಳೆಯ ಶಾಸನವನ್ನು ತೆಗೆದುಹಾಕಿತೆಂದು ಅನೇಕರು ಭಾವಿಸಿದ್ದಾರೆ. ಹಾಗೇನೂ ಆಗಲಿಲ್ಲ. ಇಬ್ಬರು ವೈದ್ಯರ ಒಪ್ಪಿಗೆ ಮುಂತಾದ ಕೆಲವು ಷರತ್ತುಗಳನ್ನು ಪಾಲಿಸಿದರೆ 1861ರ ಶಾಸನದಿಂದ ವಿನಾಯಿತಿ ದೊರೆಯುತ್ತದೆ ಎಂದಷ್ಟೇ ಅದು ಹೇಳಿತು. 1990ರ ತಿದ್ದುಪಡಿಯಿಂದ ಸಾಮಾನ್ಯ ಮಿತಿ 24 ವಾರಗಳೆಂದು ಗೊತ್ತಾಯಿತು. ಆ ಬಳಿಕ ತಾಯಿಯ ಪ್ರಾಣಕ್ಕೆ ಅಪಾಯ, ಆಕೆಗೆ ಶಾಶ್ವತವಾದ ಗಂಭೀರ ಹಾನಿ ಅಥವಾ ಭ್ರೂಣದಲ್ಲಿ ತೀವ್ರ ದೋಷ ಇದ್ದರೆ ಮಾತ್ರ ಅವಕಾಶ. ಈ ಬೇಲಿಯಿಂದ ಹೊರಗೆ ಕಾಲಿಟ್ಟವಳಿಗೆ ಎದುರಾಗುವುದು ನೇರವಾಗಿ ವಿಕ್ಟೋರಿಯಾ ರಾಣಿಯ ಕಾಲದ ಕಲಮು. ಅದರಡಿ ಎಷ್ಟು ಶಿಕ್ಷೆ ವಿಧಿಸಬೇಕೆಂಬುದಕ್ಕೆ ನ್ಯಾಯಾಧೀಶರಿಗೆ ನಿಶ್ಚಿತವಾದ ಮಾರ್ಗಸೂಚಿಯೂ ಇಲ್ಲ.

ಮೊದಲ ಮೊಕದ್ದಮೆ 2012ರದು. ಉತ್ತರ ಯಾರ್ಕ್‌ಷೈರಿನ ವಿವಾಹಿತೆಯೊಬ್ಬಳು ಗರ್ಭ ಪೂರ್ಣಾವಧಿಯನ್ನು ಸಮೀಪಿಸಿದ್ದಾಗ ಅಂತರ್ಜಾಲದ ಮೂಲಕ ತರಿಸಿಕೊಂಡ ಮಾತ್ರೆಗಳನ್ನು ಸೇವಿಸಿದಳು. ಮಗು ಉಸಿರಿಲ್ಲದೆ ಹುಟ್ಟಿತೆಂದೂ ತಾನೇ ಹೂತೆನೆಂದೂ ಆಕೆ ಮನೋವೈದ್ಯರಿಗೆ ಹೇಳಿದಳು. ಹೂತ ಜಾಗವನ್ನು ಮಾತ್ರ ತಿಳಿಸಲಿಲ್ಲ. ಲೀಡ್ಸ್ ಕ್ರೌನ್ ಕೋರ್ಟಿನ ನ್ಯಾಯಾಧೀಶರು ಈ ಕೃತ್ಯವನ್ನು ಕೊಲೆಯೊಂದನ್ನು ಬಿಟ್ಟರೆ ಉಳಿದೆಲ್ಲ ಅಪರಾಧಗಳಿಗಿಂತ ಗುರುತರವೆಂದು ಬಗೆದರು. 12 ವರ್ಷಗಳಿಂದ ಲೆಕ್ಕ ಆರಂಭಿಸಿ, ತಪ್ಪೊಪ್ಪಿಗೆಗಾಗಿ ಮೂರನೆಯ ಒಂದು ಭಾಗವನ್ನು ಕಳೆದು, 8 ವರ್ಷಗಳ ಸೆರೆವಾಸ ವಿಧಿಸಿದರು. ಮರುವರ್ಷ ಮೇಲ್ಮನವಿ ನ್ಯಾಯಾಲಯವು ಇದು ಮಿತಿಮೀರಿದ ಶಿಕ್ಷೆಯೆಂದು ಹೇಳಿ ಮೂರೂವರೆ ವರ್ಷಕ್ಕೆ ಇಳಿಸಿತು.

ಎರಡನೆಯದು 2020ರ ಮೇ ತಿಂಗಳಿನಲ್ಲಿ, ಕೊರೊನಾ ದಿಗ್ಬಂಧನದ ಕಾಲದಲ್ಲಿ ನಡೆದುದು. ಆಸ್ಪತ್ರೆಗೆ ಹೋಗುವುದೇ ಕಷ್ಟವಾಗಿದ್ದ ಆ ದಿನಗಳಲ್ಲಿ, 10 ವಾರಗಳೊಳಗಿನ ಗರ್ಭಕ್ಕೆ ದೂರವಾಣಿಯಲ್ಲಿ ವಿಚಾರಿಸಿ ಅಂಚೆಯ ಮೂಲಕ ಮಾತ್ರೆ ಕಳುಹಿಸುವ ವ್ಯವಸ್ಥೆಯನ್ನು ಸರ್ಕಾರ ಜಾರಿಗೆ ತಂದಿತ್ತು. ಮೂರು ಮಕ್ಕಳ ತಾಯಿಯೊಬ್ಬಳು ತನ್ನ ಗರ್ಭಕ್ಕೆ ಸುಮಾರು 7 ವಾರಗಳೆಂದು ನಂಬಿಸಿ ಮಾತ್ರೆ ತರಿಸಿಕೊಂಡಳು. ವಾಸ್ತವವಾಗಿ ಗರ್ಭಕ್ಕೆ 32ರಿಂದ 34 ವಾರಗಳಾಗಿದ್ದವು. ಬೇರೆಯಾಗಿದ್ದ ಸಂಗಾತಿಯ ಮನೆಗೆ ದಿಗ್ಬಂಧನದಿಂದಾಗಿ ಮರಳಿದ್ದ ಆಕೆಯ ಹೊಟ್ಟೆಯಲ್ಲಿದ್ದುದು ಇನ್ನೊಬ್ಬನ ಕೂಸು. ತಿಂಗಳುಗಟ್ಟಲೆ ಬಸಿರನ್ನು ಮರೆಮಾಚುವ ಬಗೆಯನ್ನು ಆಕೆ ಅಂತರ್ಜಾಲದಲ್ಲಿ ಹುಡುಕಿದ್ದಳು. 2023ರ ಜೂನ್ 12ರಂದು ಸ್ಟೋಕ್-ಆನ್-ಟ್ರೆಂಟ್ ಕ್ರೌನ್ ಕೋರ್ಟು ಆಕೆಗೆ 28 ತಿಂಗಳ ಶಿಕ್ಷೆ ವಿಧಿಸಿತು. ಅದರಲ್ಲಿ ಅರ್ಧವನ್ನು ಸೆರೆಮನೆಯೊಳಗೇ ಕಳೆಯಬೇಕಿತ್ತು. ಜುಲೈ 18ರಂದು ಮೇಲ್ಮನವಿ ನ್ಯಾಯಾಲಯವು ಶಿಕ್ಷೆಯನ್ನು 14 ತಿಂಗಳಿಗೆ ಇಳಿಸಿ, ಅದನ್ನೂ ಅಮಾನತಿನಲ್ಲಿರಿಸಿ, ಆಕೆಯನ್ನು ಬಿಡುಗಡೆ ಮಾಡಿತು. ಇದು ದಂಡನೆಯನ್ನು ಬೇಡುವ ಪ್ರಕರಣವಲ್ಲ, ಕರುಣೆಯನ್ನು ಬೇಡುವ ಪ್ರಕರಣ ಎಂಬ ಆಶಯವನ್ನು ಡೇಮ್ ವಿಕ್ಟೋರಿಯಾ ಶಾರ್ಪ್ ಅವರ ಪೀಠ ವ್ಯಕ್ತಪಡಿಸಿತು.

ಎರಡೂ ತೀರ್ಪುಗಳನ್ನು ತಿಂಗಳ ಲೆಕ್ಕದಲ್ಲಿ ಒಟ್ಟಿಗೆ ಇಟ್ಟು ನೋಡಬಹುದು: 96, 42, 28, 14. ಕಲಮು ಒಂದೇ, ಎರಡೂ ಕಡೆ ತಪ್ಪೊಪ್ಪಿಗೆ ಇದೆ, ಎರಡೂ ಕಡೆ ಗರ್ಭ ಎಂಟನೆಯ ತಿಂಗಳಿನಲ್ಲಿ ಅಥವಾ ಅದಕ್ಕೂ ಮುಂದೆ ಇದೆ. ಪಶ್ಚಾತ್ತಾಪದಲ್ಲಿ, ಸಂದರ್ಭದಲ್ಲಿ, ಶವವನ್ನು ಕುರಿತ ಮೌನದಲ್ಲಿ ಎರಡರ ನಡುವೆ ವ್ಯತ್ಯಾಸಗಳಿವೆ, ನಿಜ. ಆದರೂ ಒಂದೊಂದು ಪ್ರಕರಣದೊಳಗೇ ಕೆಳಗಿನ ನ್ಯಾಯಾಲಯದ ಅಳತೆಯನ್ನು ಮೇಲಿನ ನ್ಯಾಯಾಲಯವು ಅರ್ಧಕ್ಕೆ ಅಥವಾ ಅರ್ಧಕ್ಕಿಂತ ಕಡಿಮೆಗೆ ತಂದಿತು. ಅನುಭವಿಗಳಾದ, ಶ್ರದ್ಧಾವಂತರಾದ ನ್ಯಾಯಾಧೀಶರ ಕೈಯಲ್ಲಿಯೂ ಅಳತೆಗೋಲು ಇಷ್ಟು ಹೊಯ್ದಾಡಿದರೆ, ದೋಷ ಅಳೆಯುವವರಲ್ಲಿ ಇರಲಾರದು, ಕೋಲಿನಲ್ಲಿಯೇ ಇರಬೇಕು.

ಸೆರೆವಾಸದ ಪರವಾಗಿರುವ ವಾದವನ್ನು ಅದರ ಪೂರ್ಣ ಬಲದೊಂದಿಗೆ ಕೇಳಬೇಕಾದುದು ನ್ಯಾಯ. 32 ವಾರಗಳ ಕೂಸು ತಾಯಿಯ ಒಡಲಿನಿಂದ ಹೊರಬಂದರೆ ಸಾಮಾನ್ಯವಾಗಿ ಬದುಕುತ್ತದೆ. ಅದಕ್ಕೆ ಬೆಳಕು ಕಂಡರೆ ಕಣ್ಣು ಮುಚ್ಚುವುದು ಗೊತ್ತು. ತಾಯಿಯ ದನಿ ಕೇಳುತ್ತದೆ. ಅದರ ಪರವಾಗಿ ಮಾತನಾಡಲು ಕಾನೂನನ್ನು ಬಿಟ್ಟರೆ ಯಾರೂ ಇಲ್ಲ. ಇಲ್ಲಿ ಸುಳ್ಳು ಇದೆ, ಪೂರ್ವಸಿದ್ಧತೆ ಇದೆ. ತೀರ ದಯೆ ತೋರಿದರೆ ಆ ಜೀವಕ್ಕೆ ಬೆಲೆಯೇ ಇರಲಿಲ್ಲವೆಂದು ಸಮಾಜ ಸಾರಿದಂತಾಗುತ್ತದೆ. ಈ ವಾದ ಹಗುರವಾದುದಲ್ಲ. ಅಹಿಂಸೆಯನ್ನು ಪರಮಧರ್ಮವೆಂದು ಬಗೆದ ಪರಂಪರೆಯಲ್ಲಿ ಬೆಳೆದವರಿಗಂತೂ ಇದನ್ನು ತಳ್ಳಿಹಾಕಲು ಸಾಧ್ಯವಿಲ್ಲ. ಏಕೇಂದ್ರಿಯ ಜೀವಕ್ಕೂ ನೋವಾಗದಿರಲೆಂದು ನೆಲವನ್ನು ನೋಡಿ ನಡೆಯುವ ಮುನಿಗಳ ದಾರಿಯಲ್ಲಿ ಪೂರ್ಣಗರ್ಭದ ನಾಶವನ್ನು ಹಿಂಸೆಯಲ್ಲವೆಂದು ಯಾರು ತಾನೆ ಹೇಳಿಯಾರು?

ಆದರೆ ಹಿಂಸೆಯೆಂದು ಒಪ್ಪಿದ ಮೇಲೆ ಏನು ಮಾಡಬೇಕೆಂಬ ಪ್ರಶ್ನೆ ಉಳಿದೇ ಇರುತ್ತದೆ. ಸೆರೆವಾಸಕ್ಕೆ ಸಾಮಾನ್ಯವಾಗಿ ನಾಲ್ಕು ಪ್ರಯೋಜನಗಳನ್ನು ಹೇಳುತ್ತಾರೆ: ಅಪಾಯಕಾರಿಯಾದವರಿಂದ ಜನರನ್ನು ರಕ್ಷಿಸುವುದು, ಇತರರಲ್ಲಿ ಭಯ ಹುಟ್ಟಿಸುವುದು, ಅಪರಾಧಿಯನ್ನು ತಿದ್ದುವುದು, ಮಾಡಿದ ತಪ್ಪಿಗೆ ತಕ್ಕ ಪ್ರತಿಫಲ ಕೊಡುವುದು. ಮೂರು ಮಕ್ಕಳನ್ನು ಸಾಕುತ್ತಿದ್ದ ಆ ತಾಯಿಯಿಂದ ಬೀದಿಯಲ್ಲಿ ನಡೆಯುವ ಯಾರಿಗೂ ಅಪಾಯವಿರಲಿಲ್ಲ. ತಿದ್ದುವ ಮಾತಿಗೆ ಬಂದರೆ, ಆಕೆ ಪಾಪಪ್ರಜ್ಞೆಯಿಂದ ಕುಗ್ಗಿಹೋಗಿದ್ದಳೆಂದೂ, ಸತ್ತ ಮಗುವಿನ ಮುಖ ದುಃಸ್ವಪ್ನವಾಗಿ ಆಕೆಯನ್ನು ಕಾಡುತ್ತಿತ್ತೆಂದೂ ಶಿಕ್ಷೆ ವಿಧಿಸಿದ ನ್ಯಾಯಾಧೀಶರೇ ಒಪ್ಪಿಕೊಂಡಿದ್ದರು. ಹಾಗೆ ರಾತ್ರಿಯಿಡೀ ಆ ಮುಖವನ್ನು ಕಾಣುವವಳಿಗೆ ಸೆರೆಮನೆಯ ಗೋಡೆ ಇನ್ನೇನನ್ನು ಕಲಿಸಬಲ್ಲುದು?

ಭಯದ ವಾದವೊಂದು ಉಳಿಯಿತು. ಬಸಿರನ್ನು ಯಾರಿಗೂ ಹೇಳಲಾರದೆ, ದಿನ ಕಳೆದಂತೆ ಬೆಳೆಯುವ ಹೊಟ್ಟೆಯನ್ನು ಬಟ್ಟೆಯಲ್ಲಿ ಮುಚ್ಚಿಕೊಂಡು, ನಾಳೆ ನಾಳೆ ಎಂದು ಮುಂದೂಡುವ ಹೆಂಗಸು ದಂಡಸಂಹಿತೆಯ ಕಲಮನ್ನು ತೂಗಿ ನೋಡಿ ತೀರ್ಮಾನ ಕೈಗೊಳ್ಳುವುದಿಲ್ಲ. ಭಯ ಅವಳಲ್ಲಿ ಆಗಲೇ ತುಂಬಿದೆ. ತಡವಾದದ್ದೇ ಆ ಭಯದಿಂದ. ಕಾನೂನಿನ ಭಯವನ್ನೂ ಅದಕ್ಕೆ ಸೇರಿಸಿದರೆ ಅವಳು ವೈದ್ಯರಿಂದಲೂ ದೂರ ಸರಿಯುತ್ತಾಳೆ. ಅಲ್ಲಿನ ಪ್ರಸೂತಿತಜ್ಞರ ಮತ್ತು ಸೂಲಗಿತ್ತಿಯರ ವೃತ್ತಿಸಂಸ್ಥೆಗಳು ಸೆರೆವಾಸ ಬೇಡವೆಂದು 2023ರಲ್ಲಿ ನ್ಯಾಯಾಧೀಶರಿಗೆ ಬರೆದ ಪತ್ರದ ಆತಂಕವೂ ಇದೇ ಆಗಿತ್ತು. ಕಾನೂನನ್ನು ಬದಲಿಸುವುದು ಸಂಸತ್ತಿನ ಕೆಲಸವೆಂದು ನ್ಯಾಯಾಧೀಶರು ಆ ಪತ್ರವನ್ನು ಬದಿಗಿರಿಸಿದರು. ಅವರ ಕುರ್ಚಿಯ ಮಿತಿಯಲ್ಲಿ ಅದು ತಪ್ಪೆಂದು ಹೇಳಲಾಗದು. ಆದರೆ ಅದೇ ತೀರ್ಪಿನಲ್ಲಿ ಅವರು ಇನ್ನೊಂದು ಮಾತನ್ನೂ ಸೂಚಿಸಿದರು: ಆಕೆ ಮೊದಲ ಹಾಜರಿಯಲ್ಲಿಯೇ ತಪ್ಪೊಪ್ಪಿಕೊಂಡಿದ್ದರೆ ಶಿಕ್ಷೆಯನ್ನು ಅಮಾನತಿನಲ್ಲಿರಿಸುವ ಸಾಧ್ಯತೆಯಿತ್ತು. ಮೂರು ಮಕ್ಕಳು ತಾಯಿಯೊಂದಿಗೆ ಇರಬೇಕೋ ಬೇಡವೋ ಎಂಬುದು ಹೀಗೆ ತಪ್ಪೊಪ್ಪಿಗೆಯ ತಾರೀಖಿನ ಮೇಲೆ ನಿಂತಿತು. ಆಕೆ ಸೆರೆಯಲ್ಲಿದ್ದ 35 ದಿನಗಳಲ್ಲಿ ಮಕ್ಕಳೊಂದಿಗೆ ಮಾತನಾಡಲೂ ಅವಕಾಶ ಸಿಗಲಿಲ್ಲವೆಂದು ಆಕೆಯ ಪರ ವಕೀಲರು ಮೇಲ್ಮನವಿಯಲ್ಲಿ ತಿಳಿಸಿದರು. ಆ ಮಕ್ಕಳು ಯಾವ ಕಲಮಿನಡಿಯಲ್ಲೂ ತಪ್ಪಿತಸ್ಥರಾಗಿರಲಿಲ್ಲ.

ಕೊನೆಗೆ ಉಳಿಯುವುದು ಪ್ರತಿಫಲ. ತಪ್ಪಿಗೆ ತಕ್ಕ ಶಿಕ್ಷೆ ಎಂಬಲ್ಲಿ ‘ತಕ್ಕ’ ಎಂಬುದನ್ನು ತಿಳಿಯಲು ಹತ್ತಿರದ ಅಪರಾಧಗಳೊಂದಿಗೆ ಹೋಲಿಸಬೇಕು. ಇಲ್ಲಿ ಇಂಗ್ಲೆಂಡಿನದೇ ಇತಿಹಾಸ ಕಣ್ಣು ತೆರೆಸುವಂತಿದೆ. 1624ರ ಒಂದು ಕಾಯಿದೆಯ ಪ್ರಕಾರ, ಮದುವೆಯಾಗದ ಹೆಂಗಸು ಹೆತ್ತ ಮಗುವಿನ ಸಾವನ್ನು ಮರೆಮಾಚಿದ್ದರೆ ಅವಳೇ ಕೊಂದಳೆಂದು ಭಾವಿಸಿ ಗಲ್ಲಿಗೇರಿಸಬಹುದಿತ್ತು. ಮಗು ಸತ್ತೇ ಹುಟ್ಟಿತೆಂಬುದಕ್ಕೆ ಸಾಕ್ಷಿ ಒದಗಿಸುವ ಹೊಣೆ ಅವಳದೇ. ಹದಿನೆಂಟನೆಯ ಶತಮಾನದ ಹೊತ್ತಿಗೆ ಲಂಡನ್ನಿನ ಜ್ಯೂರಿಗಳಿಗೆ ಈ ಕಾನೂನು ಸಹಿಸಲಾಗದಂತಾಯಿತು. ಅವರು ಒಂದು ಉಪಾಯ ಕಂಡುಕೊಂಡರು: ಹುಟ್ಟಲಿರುವ ಮಗುವಿಗಾಗಿ ಆ ಹೆಂಗಸು ಮುಂಚಿತವಾಗಿಯೇ ಬಟ್ಟೆ ಹೊಲಿದಿಟ್ಟಿದ್ದರೆ, ಅವಳಿಗೆ ಕೊಲ್ಲುವ ಉದ್ದೇಶವಿರಲಿಲ್ಲವೆಂದು ನಂಬಿ ಬಿಟ್ಟುಬಿಡುತ್ತಿದ್ದರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದನ್ನು ನಮ್ಮ ಗಾದೆ ಹಾಸ್ಯಮಾಡುತ್ತದೆ. ಓಲ್ಡ್ ಬೇಲಿಯ ನ್ಯಾಯಾಲಯದಲ್ಲಿ ಆ ಕುಲಾವಿಯೇ ಎಷ್ಟೋ ಹೆಣ್ಣುಗಳ ಕೊರಳನ್ನು ಹಗ್ಗದಿಂದ ಉಳಿಸಿತು.

1803ರಲ್ಲಿ ಆ ಕಾಯಿದೆ ರದ್ದಾದ ಮೇಲೂ ಎಳೆಗೂಸನ್ನು ಕೊಂದ ತಾಯಿಗೆ ಮರಣದಂಡನೆ ಉಳಿದಿತ್ತು. ಅದು ಕಾಗದದ ಮೇಲಿನ ದಂಡನೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನ್ಯಾಯಾಧೀಶರು ಕಪ್ಪುವಸ್ತ್ರವನ್ನು ತಲೆಯ ಮೇಲಿಟ್ಟು ಗಲ್ಲಿನ ಶಿಕ್ಷೆ ಓದುತ್ತಿದ್ದರು. ಅದು ಜಾರಿಯಾಗುವುದಿಲ್ಲವೆಂಬುದು ನ್ಯಾಯಾಲಯದಲ್ಲಿದ್ದ ಎಲ್ಲರಿಗೂ ತಿಳಿದಿರುತ್ತಿತ್ತು, ಕಟಕಟೆಯಲ್ಲಿ ನಡುಗುತ್ತಿದ್ದವಳೊಬ್ಬಳಿಗೆ ಮಾತ್ರ ತಿಳಿದಿರುತ್ತಿರಲಿಲ್ಲ. ಈ ಕ್ರೂರ ನಾಟಕವನ್ನು ಕೊನೆಗಾಣಿಸಿದ್ದು 1922ರ ಶಿಶುಹತ್ಯಾ ಕಾಯಿದೆ. 1938ರಲ್ಲಿ ಅದನ್ನು 12 ತಿಂಗಳೊಳಗಿನ ಮಗುವಿಗೂ ವಿಸ್ತರಿಸಿದರು. ಹೆರಿಗೆಯ ಪರಿಣಾಮದಿಂದ ಮನಸ್ಸಿನ ಸಮತೋಲ ಕದಡಿದ್ದಾಗ ತಾಯಿಯು ತನ್ನ ಮಗುವನ್ನು ಕೊಂದರೆ ಅದು ಕೊಲೆಯಲ್ಲ, ಅದಕ್ಕಿಂತ ಕಡಿಮೆಯ ಅಪರಾಧ ಎಂಬುದು ಅದರ ತಿರುಳು. ಈ ಕಾಯಿದೆಯಡಿ ದೋಷಿಗಳಾದ ತಾಯಂದಿರಿಗೆ ನ್ಯಾಯಾಲಯಗಳು ಸಾಮಾನ್ಯವಾಗಿ ವಿಧಿಸುತ್ತ ಬಂದಿರುವುದು ಪ್ರೊಬೇಷನ್, ಮೇಲ್ವಿಚಾರಣೆ ಅಥವಾ ಆಸ್ಪತ್ರೆಯ ಆರೈಕೆ.

ಇಲ್ಲಿ ಒಂದು ವಿಪರ್ಯಾಸ ತಲೆದೋರುತ್ತದೆ. ಹುಟ್ಟಿ ಆರು ತಿಂಗಳಾಗಿ, ಹೆಸರಿಡಿಸಿಕೊಂಡು, ತಾಯಿಯ ಮುಖ ನೋಡಿ ನಗುವ ಮಗುವನ್ನು ಕದಡಿದ ಮನಸ್ಸಿನಲ್ಲಿ ಕೊಂದ ತಾಯಿಗೆ ಆ ದೇಶದ ಕಾನೂನು ಆಸ್ಪತ್ರೆಯ ದಾರಿ ತೋರಿಸುತ್ತದೆ. ಹುಟ್ಟದ ಮಗುವನ್ನು ಕಳೆದವಳಿಗೆ ಅದೇ ಕಾನೂನು ಕೊಲೆಗೆ ಸಮೀಪದ ವರ್ಷಗಳನ್ನು ಎಣಿಸುತ್ತದೆ. ಹೆತ್ತವಳ ಮನಸ್ಸು ಹೆರಿಗೆಯ ಮರುಗಳಿಗೆಯಲ್ಲಿ ಕದಡಬಹುದಾದರೆ, ಹೆರಿಗೆಗೆ ಮುಂಚಿನ ಗಳಿಗೆಗಳಲ್ಲಿ, ಗುಟ್ಟಿನ ಬಸಿರನ್ನು ತಿಂಗಳುಗಟ್ಟಲೆ ಒಬ್ಬಳೇ ಹೊತ್ತವಳಲ್ಲಿ ಕದಡುವುದಿಲ್ಲವೆಂದು ಹೇಗೆ ಹೇಳುವುದು? ಗಲ್ಲಿನ ಹಗ್ಗದಿಂದ ಆಸ್ಪತ್ರೆಯ ಮಂಚದವರೆಗೆ ಬರಲು ಶಿಶುಹತ್ಯೆಯ ಕಾನೂನಿಗೆ ಮುನ್ನೂರು ವರ್ಷಗಳು ಹಿಡಿದವು. 58ನೆಯ ಕಲಮು ಆ ದಾರಿಯಲ್ಲಿ ನಡೆಯಲೇ ಇಲ್ಲ.

ಕನ್ನಡದಲ್ಲಿ ‘ಬಾಣಂತಿ’ ಎಂಬ ಪದವಿದೆ. ಹೆತ್ತವಳ ದೇಹ ಹಸಿಯಾಗಿರುತ್ತದೆಂದು ಅವಳನ್ನು ಗಾಳಿಗೆ ಒಡ್ಡದೆ, ಬಿಸಿನೀರೆರೆದು, ಸಾಂಬ್ರಾಣಿ ಹೊಗೆ ಹಾಕಿ, ತಿಂಗಳುಗಟ್ಟಲೆ ನೋಡಿಕೊಳ್ಳುವುದು ನಮ್ಮ ಮನೆಗಳ ರೂಢಿ. ಕೂಸು ಉಳಿಯದಿದ್ದರೂ ಆರೈಕೆ ನಿಲ್ಲುವುದಿಲ್ಲ. ಏಕೆಂದರೆ ಬಾಣಂತಿತನ ಕೂಸಿಗೆ ಸಂಬಂಧಿಸಿದ್ದಷ್ಟೇ ಅಲ್ಲ, ಹೆತ್ತ ದೇಹಕ್ಕೆ ಸಂಬಂಧಿಸಿದ್ದು. ಎಂಟನೆಯ ತಿಂಗಳಿನಲ್ಲಿ ಗರ್ಭ ಕಳೆದುಕೊಂಡವಳೂ ದೇಹದ ಲೆಕ್ಕದಲ್ಲಿ ಬಾಣಂತಿಯೇ. ಇಂಗ್ಲೆಂಡಿನ ಇನ್ನೊಂದು ಪ್ರಕರಣದಲ್ಲಿ, ತನ್ನ ಗರ್ಭ 10 ವಾರಗಳೊಳಗಿನದೆಂದು ನಂಬಿ ಮಾತ್ರೆ ಸೇವಿಸಿದ ಮಹಿಳೆಯೊಬ್ಬಳನ್ನು ಪೊಲೀಸರು ಆಸ್ಪತ್ರೆಯಿಂದಲೇ ಬಂಧಿಸಿದರು. ಗರ್ಭ ಸುಮಾರು 26 ವಾರಗಳದಾಗಿತ್ತು. ಘಟನೆ 2020ರದು; ಜ್ಯೂರಿ ಆಕೆಯನ್ನು ನಿರ್ದೋಷಿಯೆಂದು ಬಿಟ್ಟದ್ದು 2025ರ ಮೇ ತಿಂಗಳಿನಲ್ಲಿ. ಶಿಕ್ಷೆಯೇ ಇಲ್ಲದ ತೀರ್ಪಿಗಾಗಿ ಆಕೆ ನಾಲ್ಕು ವರ್ಷಗಳಿಗೂ ಮಿಕ್ಕಿ ಶಿಕ್ಷೆ ಅನುಭವಿಸಿದಳು.

ಇದು ದೂರದೇಶದ ಕಥೆಯೆಂದು ಓದುಗರು ಭಾವಿಸಬೇಕಾಗಿಲ್ಲ. ಅದೇ ಸಾಮ್ರಾಜ್ಯ, ಅದೇ ದಶಕದಲ್ಲಿ, 1860ರ ಭಾರತೀಯ ದಂಡಸಂಹಿತೆಯ 312ನೆಯ ಕಲಮಿನಲ್ಲಿ ಗರ್ಭಪಾತಕ್ಕೆ 3 ವರ್ಷಗಳವರೆಗೂ, ಕೂಸು ಮಿಸುಕಾಡತೊಡಗಿದ್ದರೆ 7 ವರ್ಷಗಳವರೆಗೂ ಸೆರೆವಾಸವನ್ನು ಗೊತ್ತುಪಡಿಸಿತು. ತನ್ನ ಗರ್ಭವನ್ನು ತಾನೇ ಕಳೆದುಕೊಳ್ಳುವ ಹೆಂಗಸೂ ಈ ಕಲಮಿಗೆ ಒಳಪಡುತ್ತಾಳೆಂದು ಅದರ ಕೆಳಗೆ ಒಂದು ‘ವಿವರಣೆ’ಯನ್ನು ಸೇರಿಸಿತು. ವಿಧವೆಯರ ಮರುಮದುವೆಯನ್ನು 1856ರ ಕಾಯಿದೆ ಒಪ್ಪಿದ್ದರೂ ಸಮಾಜ ಒಪ್ಪಿರದಿದ್ದ ಕಾಲವದು. ಬಾಲವಿಧವೆಯೊಬ್ಬಳು ಬಸುರಾದರೆ ಅವಳ ಮುಂದೆ ಇದ್ದ ದಾರಿಗಳು ಎರಡೋ ಮೂರೋ. ಒಂದೂ ಬೆಳಕಿನ ಕಡೆಗೆ ಹೋಗುತ್ತಿರಲಿಲ್ಲ.

1881ರಲ್ಲಿ ಸೂರತ್ ಜಿಲ್ಲೆಯ ವಿಜಯಲಕ್ಷ್ಮಿ ಎಂಬ ತರುಣ ವಿಧವೆಗೆ ಹೆತ್ತ ಕೂಸನ್ನು ಕೊಂದಳೆಂದು ಮರಣದಂಡನೆ ವಿಧಿಸಲಾಯಿತು. ಮೇಲ್ಮನವಿಯಲ್ಲಿ ಅದು ಕರಿನೀರಿನ ಶಿಕ್ಷೆಯಾಯಿತು. ಬಳಿಕ 5 ವರ್ಷಗಳಿಗೆ ಇಳಿಯಿತು. ಇಲ್ಲಿಯೂ ಅಳತೆಗೋಲಿನ ಅದೇ ಹೊಯ್ದಾಟವನ್ನು ಗಮನಿಸಬಹುದು. ಈ ಪ್ರಕರಣವನ್ನು ನೆಪವಾಗಿಸಿಕೊಂಡು ಹೆಂಗಸರ ನಡತೆಯನ್ನು ಹಳಿದ ಪತ್ರಿಕಾಬರಹಕ್ಕೆ ಉತ್ತರವಾಗಿ ಬುಲಢಾಣದ ತಾರಾಬಾಯಿ ಶಿಂದೆ 1882ರಲ್ಲಿ ಮರಾಠಿಯಲ್ಲಿ ‘ಸ್ತ್ರೀಪುರುಷ ತುಲನಾ’ ಎಂಬ ಪುಸ್ತಕವನ್ನು ಬರೆದರು. ಹೆಂಗಸಿನ ಮೇಲೆ ಹೊರಿಸುವ ಒಂದೊಂದು ದೋಷವೂ ಗಂಡಸಿನಲ್ಲಿ ಎಷ್ಟಿದೆಯೆಂದು ತೂಗಿ ತೋರಿಸುವುದೇ ಆ ಪುಸ್ತಕದ ಕೆಲಸ. ಅದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲೇ, 1863ರಲ್ಲಿ, ಪುಣೆಯಲ್ಲಿ ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿಗಳು ಶಿಶುಹತ್ಯಾ ಪ್ರತಿಬಂಧಕ ಗೃಹವನ್ನು ತೆರೆದಿದ್ದರು. ಬಸುರಾದ ವಿಧವೆಯರು ಅಲ್ಲಿಗೆ ಗುಟ್ಟಾಗಿ ಬಂದು ಸುಖವಾಗಿ ಹೆತ್ತು, ಬೇಕಾದರೆ ಮಗುವನ್ನು ಅಲ್ಲಿಯೇ ಬಿಟ್ಟು ಹೋಗಬಹುದಿತ್ತು. ಹಾಗೆ ಹುಟ್ಟಿದ ಒಬ್ಬ ವಿಧವೆಯ ಮಗನನ್ನು ಅವರು ದತ್ತು ತೆಗೆದುಕೊಂಡು ಯಶವಂತನೆಂದು ಹೆಸರಿಟ್ಟರು. ಅವನು ಮುಂದೆ ವೈದ್ಯನಾದ. ದಂಡಸಂಹಿತೆಯ ಯಾವ ಕಲಮೂ ಉಳಿಸಲಾರದಿದ್ದ ಕೂಸನ್ನು ತೆರೆದಿಟ್ಟ ಒಂದು ಬಾಗಿಲು ಉಳಿಸಿತು.

ಸೂರತ್ತಿನ ಮೊಕದ್ದಮೆಯಲ್ಲಿ ಕೂಸಿನ ತಂದೆಗೆ ಕಟಕಟೆ ಇರಲಿಲ್ಲ. ಇಂಗ್ಲೆಂಡಿನ ಮೊಕದ್ದಮೆಗಳಲ್ಲಿಯೂ ಇರಲಿಲ್ಲ. ಮಾತ್ರೆ ನುಂಗಿದ ಕೈ ಒಂದೇ ಎಂಬುದು ನಿಜ. ಆ ಕೈಯನ್ನು ಅಲ್ಲಿಯವರೆಗೆ ತಳ್ಳಿದವರು, ತಳ್ಳುವುದನ್ನು ನೋಡಿ ಸುಮ್ಮನಿದ್ದವರು, ತಿಳಿದರೆ ಮನೆಯಿಂದ ಹೊರಹಾಕುತ್ತಿದ್ದವರು ಎಂಬವರ ಪಾಲನ್ನೆಲ್ಲ ಒಬ್ಬಳ ಲೆಕ್ಕಕ್ಕೆ ಬರೆದು ತೂಗಿದಾಗ ಬರುವ ಮೊತ್ತವೇ 96 ತಿಂಗಳು.

ಕರ್ತೃವಿನ ಮನಸ್ಸನ್ನು ತೂಗುವ ಕೆಲಸ ಕನ್ನಡ ಕಾವ್ಯಕ್ಕೆ ಹೊಸತಲ್ಲ. 1209ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯಲ್ಲಿ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಯಶೋಧರನು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಜೀವವಿಲ್ಲದ ಕೋಳಿಯಾದರೂ ಕೊಲ್ಲುವ ಸಂಕಲ್ಪವಿದ್ದುದರಿಂದ ತಾಯಿಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಸಂಕಲ್ಪಹಿಂಸೆಯನ್ನು ಇಷ್ಟು ಕಠೋರವಾಗಿ ಕಂಡ ಕೃತಿ, ಗರ್ಭವನ್ನು ಬೇಕೆಂದೇ ಕಳೆದವಳಿಗೆ ಕಠಿಣ ಶಿಕ್ಷೆಯನ್ನೇ ಬೇಡಬಹುದೆಂದು ತೋರಬಹುದು. ಕಥೆಯ ಹೊರಚೌಕಟ್ಟನ್ನು ಮರೆಯಬಾರದು. ಚಂಡಮಾರಿಯ ಗುಡಿಯಲ್ಲಿ ಇಬ್ಬರು ಎಳೆಯರನ್ನು ಬಲಿಕೊಡಲು ನಿಂತಿರುವ ಮಾರಿದತ್ತನಿಗೆ ಅಭಯರುಚಿ ಈ ಜನ್ಮಾಂತರದ ಕಥೆಯನ್ನು ಹೇಳುತ್ತಾನೆ. ಕಥೆ ಮುಗಿಯುವ ಹೊತ್ತಿಗೆ ಅರಸನು ಹಿಂಸೆಯನ್ನು ತೊರೆದಿರುತ್ತಾನೆ. ಅವನನ್ನು ಯಾರೂ ದಂಡಿಸಲಿಲ್ಲ, ಅವನು ಕೇಳಿಸಿಕೊಂಡ. ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲನ್ನು ಜೈನಶಾಸ್ತ್ರ ‘ಆಲೋಚನೆ’ ಎನ್ನುತ್ತದೆ: ಮಾಡಿದ ತಪ್ಪನ್ನು ಮರೆಮಾಚದೆ ಗುರುವಿನ ಮುಂದೆ ನಿವೇದಿಸುವುದು. ಹೇಳಿಕೊಂಡರೆ ಕೇಳುವವರಿದ್ದಾರೆಂಬ ನಂಬಿಕೆ ಇದ್ದಲ್ಲಿ ಮಾತ್ರ ಅದು ಸಾಧ್ಯ. ಹೇಳಿಕೊಂಡರೆ ಬೇಡಿ ಬೀಳುತ್ತದೆಂಬಲ್ಲಿ ಯಾರೂ ಆಲೋಚನೆಗೆ ಬರುವುದಿಲ್ಲ, ಆಸ್ಪತ್ರೆಗೂ ಬರುವುದಿಲ್ಲ.

ಹಾಗಾದರೆ ಕಾನೂನೇ ಬೇಡವೇ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ. ಬೇಕು, ಯಾರ ವಿರುದ್ಧ ಎಂಬುದು ಮುಖ್ಯ. ಗರ್ಭಿಣಿಯ ಪಾನೀಯದಲ್ಲಿ ಅವಳಿಗೆ ತಿಳಿಯದಂತೆ ಮಾತ್ರೆ ಬೆರೆಸಿ ಗರ್ಭ ಕಳೆದ ಗಂಡಸೊಬ್ಬನಿಗೆ 2024ರ ಡಿಸೆಂಬರ್‌ನಲ್ಲಿ ನಾರ್ವಿಚ್ ನ್ಯಾಯಾಲಯ 12 ವರ್ಷಗಳ ಸೆರೆವಾಸ ವಿಧಿಸಿತು. ಅಂಥವನಿಗೆ ಸೆರೆಮನೆ ತಕ್ಕ ಜಾಗವೆಂಬುದರಲ್ಲಿ ಸಂದೇಹವಿಲ್ಲ. 2025ರ ಜೂನ್ 17ರಂದು ಬ್ರಿಟಿಷ್ ಸಂಸತ್ತಿನ ಕೆಳಮನೆಯು 379 ಪರ, 137 ವಿರುದ್ಧ ಮತಗಳೊಂದಿಗೆ ಒಪ್ಪಿದ ತಿದ್ದುಪಡಿಯ ಆಶಯವೂ ಹೀಗೆಯೇ ಇದೆ: ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ತನ್ನದೇ ಗರ್ಭದ ವಿಷಯದಲ್ಲಿ ಹೆಂಗಸಿನ ಮೇಲೆ ಮೊಕದ್ದಮೆ ಕೂಡದು, ನಿಯಮ ಮೀರುವ ವೈದ್ಯರಿಗೂ ಬಲಾತ್ಕರಿಸುವವರಿಗೂ ಕಾನೂನು ಹಿಂದಿನಂತೆಯೇ ಉಳಿಯಬೇಕು, 24 ವಾರಗಳ ಮಿತಿಯೂ ಉಳಿಯಬೇಕು. ಉತ್ತರ ಐರ್ಲೆಂಡಿನಲ್ಲಿ 58ನೆಯ ಕಲಮು 2019ರ ಅಕ್ಟೋಬರ್‌ನಲ್ಲಿಯೇ ರದ್ದಾಗಿತ್ತು. ತಪ್ಪನ್ನು ತಪ್ಪೆಂದು ಹೇಳುತ್ತಲೇ ತಾಯಿಯನ್ನು ಸೆರೆಯಿಂದ ಹೊರಗಿಡಲು ಸಾಧ್ಯವೆಂಬುದಕ್ಕೆ ಇದು ಒಂದು ಮಾದರಿ.

ಭಾರತದಲ್ಲಿ 1971ರ ವೈದ್ಯಕೀಯ ಗರ್ಭಪಾತ ಕಾಯಿದೆಯೂ 2021ರ ಅದರ ತಿದ್ದುಪಡಿಯೂ 20 ವಾರಗಳವರೆಗೆ, ಕೆಲವು ವರ್ಗದ ಹೆಂಗಸರಿಗೆ 24 ವಾರಗಳವರೆಗೆ ದಾರಿಯನ್ನು ತೆರೆದಿವೆ. ಆ ಗಡಿ ದಾಟಿದವರು ಇಲ್ಲಿ ಹೆಚ್ಚಾಗಿ ನ್ಯಾಯಾಲಯದ ಮೆಟ್ಟಿಲಲ್ಲಿ ಅರ್ಜಿ ಹಿಡಿದು ನಿಲ್ಲುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಎರಡು ಮಕ್ಕಳ ತಾಯಿಯೊಬ್ಬಳು 26 ವಾರಗಳು ದಾಟಿದ ಗರ್ಭದೊಂದಿಗೆ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಿದ್ದಳು. ಎಳೆಗೂಸಿಗೆ ಹಾಲೂಡುತ್ತಿದ್ದುದರಿಂದ ಮುಟ್ಟು ನಿಂತಿತ್ತು. ಬಸುರಾದದ್ದು ಅವಳಿಗೆ ತಿಳಿದೇ ಇರಲಿಲ್ಲ. ಹಿಂದಿನ ಹೆರಿಗೆಯ ಬಳಿಕದ ಮನೋವ್ಯಾಧಿಗೆ ಅವಳು ಔಷಧ ಸೇವಿಸುತ್ತಿದ್ದಳು. ಮೊದಲು ದೊರೆತ ಅನುಮತಿಯನ್ನು ಹಿಂಪಡೆದು, ಪೀಠದೊಳಗೆ ಭಿನ್ನಮತ ಬಂದು, ಕೊನೆಗೆ ಮೂವರ ಪೀಠವು ಅವಳ ಕೋರಿಕೆಯನ್ನು ನಿರಾಕರಿಸಿತು. ಆ ನಿರಾಕರಣೆ ಸರಿಯೆಂದು ವಾದಿಸುವವರೂ ಒಂದು ಮಾತನ್ನು ಒಪ್ಪಬೇಕು: ಅವಳಂಥವಳೊಬ್ಬಳು ನ್ಯಾಯಾಲಯಕ್ಕೆ ಬರುವ ಬದಲು ಕತ್ತಲೆಯಲ್ಲಿ ಮಾತ್ರೆ ನುಂಗಿದ್ದರೆ, ಕಾನೂನಿನ ಪುಸ್ತಕದಲ್ಲಿ ಅವಳಿಗಾಗಿ ಕಾದಿದ್ದುದು 7 ವರ್ಷಗಳ ಸೆರೆ.

ಆ ಪುಸ್ತಕ ಈಗ ಹೊಸದಾಗಿದೆ. ವಸಾಹತುಶಾಹಿಯ ಗುರುತನ್ನು ಅಳಿಸುವ ಉದ್ದೇಶದಿಂದ ತಂದ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ ಹೆಸರಿನಲ್ಲಿ ‘ದಂಡ’ದ ಬದಲು ‘ನ್ಯಾಯ’ ಬಂದಿದೆ. 312ನೆಯ ಕಲಮು ಅದರಲ್ಲಿ 88ನೆಯದಾಗಿದೆ. ಸಂಖ್ಯೆ ಬದಲಾಯಿತು, 3 ಮತ್ತು 7 ವರ್ಷಗಳು ಹಾಗೆಯೇ ಉಳಿದವು, ಗರ್ಭಿಣಿಯನ್ನೇ ಅಪರಾಧಿಯಾಗಿಸುವ ‘ವಿವರಣೆ’ಯೂ ಉಳಿಯಿತು. ಯಾವ ಹೆಂಗಸನ್ನೂ ಕೇಳದೆ 1860ರಲ್ಲಿ ಬರೆದ ಆ ಒಂದು ವಾಕ್ಯವನ್ನು ತೆಗೆದುಹಾಕಿದರೆ ಗರ್ಭಸ್ಥ ಜೀವದ ಬೆಲೆ ಕಡಿಮೆಯಾಗುವುದಿಲ್ಲ. ಕಾಯಿದೆಯ ಮಿತಿಗಳೂ ಸಡಿಲವಾಗುವುದಿಲ್ಲ. ತಡವಾಗಿ, ಹೆದರಿ, ರಕ್ತಸ್ರಾವದೊಂದಿಗೆ ತಾಲ್ಲೂಕು ಆಸ್ಪತ್ರೆಯ ಬಾಗಿಲಿಗೆ ಬಂದ ಹೆಂಗಸು, ಏನಾಯಿತೆಂದು ವೈದ್ಯರು ಕೇಳಿದಾಗ ನಿಜ ಹೇಳಬಲ್ಲಳು. ಅಷ್ಟಾದರೆ ಅವಳ ಜೀವವಾದರೂ ಉಳಿಯುತ್ತದೆ.